ಹುಣಸೆಮರದ ಕೊಕ್ಕರೆಗಳೂ ನನ್ನ ಒಂದು ಕೂಗೂ

ಆಗ ನಮ್ಮ ಉಮರ್ಗಾ ಕಡೆಯ ಊರುಗಳಲ್ಲಿ ಒಂದು ತಂಬಿಗೆ ಬಿದ್ದು ಸದ್ದಾದರೂ ಜನ ಹೊರಗೆ ಓಡುತ್ತಿದ್ದ ಕಾಲ. ಭೂಕಂಪವಾಗಿ ವರ್ಷ ತುಂಬುತ್ತ ಬಂದಿತ್ತು. ನಾವಿನ್ನೂ ಪತ್ರಾ ಶೆಡ್ಡಿನಲ್ಲೇ ಇದ್ದೆವು. ಕಾದ ತಗಡಿನ ವಾಸನೆ, ಅದರೊಳಗೇ ಬೇಯುವ ಜೋಳದ ರೊಟ್ಟಿಯ ವಾಸನೆ. ಇವತ್ತಿಗೂ ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ.

ಶೆಡ್ಡುಗಳ ಹಿಂದೆ ನಮ್ಮ ಮುತ್ಯಾನ, ಅಂದರೆ ಅಜ್ಜನ, ಹೊಲದ ಬದುವಿಗೆ ಒಂದು ದೊಡ್ಡ ಹುಣಸೆಮರ. ಮಳೆಗಾಲಕ್ಕೆ ಬೂದು ಕೊಕ್ಕರೆಗಳು ಬಂದು ಅದರ ತುದಿಯಲ್ಲಿ ಗೂಡು ಕಟ್ಟುತ್ತಿದ್ದವು. ಹಿಕ್ಕೆಯ ನಾತ ತಡೆಯಲಾರದೆ ಮಂದಿ, ಮರ ಕಡಿಸು ಎಂದು ಮುತ್ಯಾನ ಬೆನ್ನು ಹತ್ತಿದರು.

"ಭೂಮಿ ಅಳಗ್ಯಾಡೋದು ನಮಗಿಂತ ಮೊದಲ ಹಕ್ಕಿಗೋಳಿಗಿ ತಿಳೀತದ. ಎಲ್ಲಾ ಒಮ್ಮಿಗೇ ಹಾರಿದ್ರ ನಮ್ಮ ಹುಡಗಿ ಒದರ್ತಾಳ. ಗಿಡ ಇರ್ಲಿ ಬಿಡ್ರಿ," ಅಂದ ಮುತ್ಯಾ. ಆ ಮಾತಿಗೆ ಮಂದಿ ಒಪ್ಪಿದರು. ಶಾಲೆಯ ಗೋಡೆಗಳು ಬಿದ್ದುಹೋಗಿದ್ದವು. ಒಂಬತ್ತು ವರ್ಷದ ನನಗೆ ಕೊಕ್ಕರೆ ಕಾಯುವ ಕೆಲಸ ಬಂತು.

ಜೊತೆಗೆ ಅಣ್ಣನ ಹೆಂಡತಿ ಶಾಂತಾ ವೈನಿ ಬಂದು ಕೂರುತ್ತಿದ್ದಳು. ಅವಳ ಚೊಚ್ಚಲ ಕೂಸು ಭೂಕಂಪದಲ್ಲಿ ಗೋಡೆಯಡಿ ಹೋಗಿತ್ತು. ಈಗ ಮತ್ತೆ ಬಸುರಿ. ತಿಂಗಳುಗಟ್ಟಲೆ ಮಾತಾಡದಿದ್ದವಳು ಆ ಹಕ್ಕಿಗಳನ್ನು ನೋಡುತ್ತ ನೋಡುತ್ತ ನಗತೊಡಗಿದಳು. ಗಂಡು ಕತ್ತನ್ನು ನೆಟ್ಟಗೆ ಆಕಾಶಕ್ಕೆ ಚಾಚಿ, ಮೆಲ್ಲಗೆ ಕುಗ್ಗಿಸಿ, ಗೊಗ್ಗರು ದನಿಯಲ್ಲಿ ಕರೆಯುತ್ತಿತ್ತು. ಬಂದ ಹೆಣ್ಣನ್ನು ಮೊದಲು ಕುಕ್ಕಿ ಓಡಿಸಿ, ಆಮೇಲೆ ತಾನೇ ಕಡ್ಡಿ ಆರಿಸಿ ತಂದು ಅದರ ಕೊಕ್ಕಿಗೆ ಕೊಡುತ್ತಿತ್ತು. ಹೆಣ್ಣು ಅದನ್ನು ಹೊರಳಿಸಿ ಹೊರಳಿಸಿ ಗೂಡಿಗೆ ಸಿಕ್ಕಿಸುತ್ತಿತ್ತು. ಆ ದಿನಗಳಲ್ಲಿ ಎರಡರ ಕೊಕ್ಕೂ ಕೆಂಪೇರಿರುತ್ತಿತ್ತು.

"ಆಕಿ ನಖರಾ ನೋಡು ತಂಗಿ! ನಿಮ್ಮಣ್ಣ ನನಗ ಒಂದ ಕಡ್ಡೀನೂ ತಂದಿಲ್ಲ," ಅನ್ನುತ್ತಿದ್ದಳು ವೈನಿ, ಹುರಿದ ಶೇಂಗಾ ನನ್ನ ಕೈಗೆ ಹಾಕುತ್ತ.

ಮರಿಗಳು ಗೂಡಿನಿಂದ ತಲೆ ಎತ್ತುವಷ್ಟಾದ ಮೇಲೆ ಒಂದು ಮಧ್ಯಾಹ್ನ ವೈನಿ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮರದಲ್ಲಿದ್ದ ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದವು.

"ಭೂಕಂಪ! ಹೊರಗ ಓಡ್ರೆಪ್ಪೋ!"

ಕಿರುಚಿದ ಮೇಲೆ ನೋಡುತ್ತೇನೆ, ಒಂದು ಹದ್ದು ಮರಿಯನ್ನು ಉಗುರಲ್ಲಿ ಹಿಡಿದು ಹೋಗುತ್ತಿದೆ. ಹದ್ದು ಬಂದರೆ ಅವು ಹೀಗೇ ಏಳುತ್ತವೆಂದು ಊರಲ್ಲಿ ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿತ್ತು? ಹಾಳಾದ ಬಾಯಿ! ಓಡಿ ಬರುತ್ತಿದ್ದ ವೈನಿ ಹೊಸ್ತಿಲಿಗೆ ಎಡವಿ ಹೊಟ್ಟೆಯ ಮೇಲೆ ಬಿದ್ದಳು. ಉಮರ್ಗಾದ ದವಾಖಾನೆಯಿಂದ ಮೂರನೆಯ ದಿನ ಬಂದಾಗ ಅವಳ ಹೊಟ್ಟೆಯಲ್ಲಿ ಕೂಸಿರಲಿಲ್ಲ.

ಮುತ್ಯಾ ನನ್ನನ್ನು ಕೂರಿಸಿಕೊಂಡು ಕೇಳಿದ. ಸುತ್ತ ಮಂದಿ ನಿಂತಿದ್ದರು. "ಖರೇ ಹೇಳವ್ವ. ಹದ್ದು-ಗಿದ್ದು ಬಂದಿತ್ತೇನು?"

ಹೌದೆಂದರೆ ತಪ್ಪು ನನ್ನದಾಗುತ್ತಿತ್ತು. "ಇಲ್ಲ ಮುತ್ಯಾ. ಸುಮ್ಮನ ಹಾರಿದ್ವು," ಅಂದೆ.

ಅವನು ಎದ್ದು ಮಂದಿಯ ಕಡೆ ತಿರುಗಿದ. "ಹಂಗಾದ್ರ ಇವಕ್ಕೇನೂ ತಿಳಿಯಂಗಿಲ್ಲ. ಕಡೀರಿ."

ಮರ ಬಿದ್ದಾಗ ಇನ್ನೂ ಹಾರಲು ಬರದ ಮರಿಗಳೆಲ್ಲ ಕೆಳಗೆ ಬಿದ್ದವು. ನಾಯಿಗಳು ಬಂದವು. ಮೇವು ತಂದ ದೊಡ್ಡವು ಇಳಿಯಲು ಜಾಗವಿಲ್ಲದೆ ಎರಡು ದಿನ ಅಲ್ಲೇ ಸುತ್ತಿದವು. ನಾನು ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಆಮೇಲೆ ನಮ್ಮ ಸೀಮೆಯಲ್ಲಿ ಬೂದು ಕೊಕ್ಕರೆ ಗೂಡು ಕಟ್ಟಿದ್ದನ್ನು ನಾನು ಕಂಡಿಲ್ಲ. ವೈನಿಗೂ ಮತ್ತೆ ಮಕ್ಕಳಾಗಲಿಲ್ಲ. ಮುತ್ಯಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೋದ ತಿಂಗಳು, ಈಗ ಉದಗೀರದಲ್ಲಿರುವ ವೈನಿಯ ಹತ್ತಿರ ಹೋಗಿದ್ದೆ, ಹದ್ದಿನ ವಿಷಯ ಹೇಳಿಯೇಬಿಡಬೇಕೆಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು:

"ಆ ಕೊಕ್ಕರಿ ಖೋಡಿ ಇದ್ದವು ನೋಡು ತಂಗಿ. ನನಗ ನಗಿಸಿ ನಗಿಸಿ ನನ್ನ ಕೂಸಿಗಿ ತಿಂದವು."

"ಹೂಂ ವೈನಿ," ಅಂದೆ.