ಗಂಗಕ್ಕ ಕೂರಿಸಿದ ಕಾಲರು

ಹೊಸ ಬಟ್ಟೆಗೆ ಇಸ್ತ್ರಿ ತಾಗಿದಾಗ ಏಳುವ ಬಿಸಿ ವಾಸನೆ ಇದೆಯಲ್ಲ, ಅದು ನಿಮಗೆ ಹಬ್ಬವನ್ನೋ ಮದುವೆಯನ್ನೋ ನೆನಪಿಸಬಹುದು. ನನಗೆ ಪೀಣ್ಯ ನೆನಪಾಗುತ್ತದೆ. ಮೊನ್ನೆ ಚಿಕ್ಕಬಾಣಾವರದ ನನ್ನ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಅದೇ ವಾಸನೆ ತುಂಬಿತ್ತು. ಮೇಷ್ಟ್ರೊಬ್ಬರು ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತು, ಕಾಲರ್ ಮುಟ್ಟಿ ನೋಡಿಕೊಂಡು, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ಹೊಲಿದದ್ದು ನನ್ನ ಅಂಗಡಿಯ ಮಂಜುಳ. ಅವಳು ತಲೆ ಎತ್ತದೆ, "ಏನಿಲ್ಲ ಸಾರ್, ಅಕ್ಕಂಗೆ ಅಷ್ಟೋ ಇಷ್ಟೋ ಸಹಾಯ ಮಾಡ್ತೀನಿ" ಅಂದಳು. ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತು. ಪುಣ್ಯಕ್ಕೆ ಬಟ್ಟೆಯ ಮೇಲಿರಲಿಲ್ಲ.

ಈ ಮಾತನ್ನು ಇದೇ ರಾಗದಲ್ಲಿ ನಾನು ಮೊದಲು ಕೇಳಿದ್ದು ಗಂಗಕ್ಕನ ಬಾಯಲ್ಲಿ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ ಅವಳದು. ಕುಣಿಗಲ್ ಕಡೆಯವಳು. ಡಬ್ಬಿ ಬಿಚ್ಚಿದರೆ ಹುರುಳಿ ಸಾರಿನ ಅರ್ಧ ಪಾಲು ನನ್ನ ಮುಚ್ಚಳಕ್ಕೆ ಬರಬೇಕು, ಬೇಡ ಎಂದರೆ ಮುನಿಸು. ಅವಳು ಕೆಲಸಕ್ಕೆ ಸೇರಿದ್ದು ಹೆಲ್ಪರ್ ಆಗಿ, ಎಂದರೆ ಹೊಲಿದ ಬಟ್ಟೆಯ ದಾರ ಕತ್ತರಿಸುವುದಕ್ಕೆ. ಊಟದ ಬಿಡುವಿನಲ್ಲಿ ಖಾಲಿ ಮಿಷನ್ನಿಗೆ ಕೂತು ಕೂತು ಹೊಲಿಗೆ ಕಲಿತು, ಕೊನೆಗೆ ಕಾಲರ್ ಕೂರಿಸುವುದಕ್ಕೇ ಬಂದಳು. ಅಂಗಿಯಲ್ಲಿ ಅಷ್ಟು ತಂಟೆಯ ಕೆಲಸ ಇನ್ನೊಂದಿಲ್ಲ. ನಾನು ಕೂರಿಸಿದ ಕಾಲರು ಹಾಕಿಕೊಂಡರೆ ಎಂಥ ಸಾಧುವೂ ರೌಡಿಯ ಹಾಗೆ ಕಾಣುತ್ತಿದ್ದ. ಅದಕ್ಕೇ ನನ್ನನ್ನು ತೋಳಿಗೆ ಹಾಕಿದ್ದರು.

ಆದರೆ ಕಂಪನಿಯ ಪಾಲಿಗೆ ನಾವಿಬ್ಬರೂ ಹೆಲ್ಪರುಗಳೇ, ಸಂಬಳವೂ ಹೆಲ್ಪರಿನದೇ. ಕನಿಷ್ಠ ವೇತನಕ್ಕೆ ಸರ್ಕಾರ ಒಂದೊಂದು ಕೆಲಸಕ್ಕೆ ಒಂದೊಂದು ದರ ಇಟ್ಟಿದೆ, ಮಾಡುವ ಕೆಲಸ ನೋಡಿ ಕೊಡಬೇಕು, ಸೇರಿದಾಗಿನ ಹೆಸರು ನೋಡಿ ಅಲ್ಲ ಎಂಬುದು ನಮಗೆ ಗೊತ್ತಾದದ್ದು ಕಾರ್ಮಿಕ ಸಂಘದವರು ಗೇಟಿನಾಚೆಯ ಟೀ ಅಂಗಡಿಯಲ್ಲಿ ಹೇಳಿದ ಮೇಲೆ. ಗಂಗಕ್ಕನ ಆಸೆ ದೊಡ್ಡದೇನಲ್ಲ. ಶೀಟಿನ ಮನೆ ಬಿಟ್ಟು, ಒಳಗೇ ನಲ್ಲಿ ಇರುವ ಮನೆ ಹಿಡಿಯಬೇಕು, ಮಂಡಿನೋವಿನ ಅತ್ತೆ ಬೀದಿ ನಲ್ಲಿಯಿಂದ ಬಿಂದಿಗೆ ಹೊರುವುದು ತಪ್ಪಬೇಕು. ಟೈಲರ್ ಸಂಬಳ ಬಂದರೆ ಬಾಡಿಗೆ ಹೊಂದುತ್ತಿತ್ತು.

ಅರ್ಜಿ ಹೋಯಿತು, ಲೇಬರ್ ಇನ್‌ಸ್ಪೆಕ್ಟರ್ ಬಂದರು. ಪಕ್ಕದಲ್ಲೇ ಮ್ಯಾನೇಜರ್ ನಗುತ್ತ ನಿಂತಿದ್ದರು. ಏನು ಕೆಲಸ ಮಾಡುತ್ತೀರಮ್ಮ ಎಂದು ಇನ್‌ಸ್ಪೆಕ್ಟರ್ ಮೊದಲು ಕೇಳಿದ್ದು ಗಂಗಕ್ಕನನ್ನು. ಕಾಲರ್ ಕೂರಿಸುತ್ತೇನೆ, ನಾನು ಟೈಲರ್ ಎಂದು ಹಿಂದಿನ ದಿನವೆಲ್ಲ ನಾವು ಉರು ಹೊಡೆಸಿದ್ದೆವು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, "ಏನಿಲ್ಲ ಸಾರ್, ಅವ್ರಿಗೆ ಇವ್ರಿಗೆ ಒಸಿ ಸಹಾಯ ಮಾಡ್ತೀನಿ" ಎಂದುಬಿಟ್ಟಳು. ನಮ್ಮ ಮಿಷನ್ ಸಾಲಿನ ಇಡೀ ಲೈನು ಹಣೆ ಚಚ್ಚಿಕೊಂಡಿತು.

ನಿಮಗೆ ಇದು ಪೆದ್ದುತನ ಅನ್ನಿಸಬಹುದು. ಅಲ್ಲ. ತನ್ನ ಕೈಕೆಲಸವನ್ನು ತಾನೇ ಹೊಗಳಿಕೊಂಡರೆ ದೃಷ್ಟಿಯಾಗುತ್ತದೆ ಎಂದು ನಾವೆಲ್ಲ ನಂಬಿದ್ದವರೇ. ನನ್ನಷ್ಟು ಬೇಗ ತೋಳು ಕೂರಿಸುವವರಿಲ್ಲ ಎಂದು ನಾನೊಮ್ಮೆ ಕೊಚ್ಚಿಕೊಂಡ ಮಾರನೆಯ ದಿನವೇ ಸೂಜಿ ಹೆಬ್ಬೆರಳಿಗೆ ಇಳಿದಿತ್ತು. ಬೆರಳಿಗೆ ಬಟ್ಟೆ ಸುತ್ತಿದವಳೂ ಗಂಗಕ್ಕ, ಸುತ್ತುತ್ತಾ ಬೈದವಳೂ ಗಂಗಕ್ಕ.

ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿ ಅದನ್ನೇ ಕೇಳಿದರು. ನನ್ನ ನಾಲಗೆ ತುದಿಗೂ ಅದೇ "ಏನಿಲ್ಲ ಸಾರ್" ಬಂದು ಕೂತಿತ್ತು. ಅಷ್ಟರಲ್ಲಿ ಗಂಗಕ್ಕ ಅಡ್ಡ ಬಂದಳು.

"ಅವಳ್ನ ಕೇಳ್ಬೇಡಿ ಸಾರ್, ನನ್ನ ಕೇಳಿ. ಈ ಲೈನಲ್ಲಿ ಓಗೋ ತೋಳೆಲ್ಲ ಇವ್ಳೇ ಕೂರ್ಸೋದು. ಇವ್ಳು ಟೈಲರ್ರು."

ಅಲ್ಲಿಗೆ ದಾರಿ ಸಿಕ್ಕಿತು. ತನ್ನನ್ನು ತಾನು ಹೊಗಳಿಕೊಳ್ಳಬಾರದು ನಿಜ, ಪಕ್ಕದವಳನ್ನು ಹೊಗಳಿದರೆ ಯಾವ ದೃಷ್ಟಿಯೂ ಇಲ್ಲವಲ್ಲ. ನಾನು ಗಂಗಕ್ಕನ ಮಿಷನ್ ಮೇಲಿದ್ದ ಅಂಗಿ ಎತ್ತಿ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು, ಈ ಕಾಲರ್ ಅವಳದು ಎಂದೆ. ನನ್ನ ಹಿಂದಿನವಳು ತನ್ನ ಪಕ್ಕದವಳ ಪರವಾಗಿ ಎದ್ದಳು, ಆಮೇಲೆ ಇನ್ನೊಬ್ಬಳು. ಮ್ಯಾನೇಜರ್ ಮುಖದ ನಗು ಯಾವಾಗ ಹೋಯಿತೋ ನಾವು ನೋಡಲಿಲ್ಲ.

ಕೆಲವು ತಿಂಗಳ ಓಡಾಟದ ಮೇಲೆ ನಮಗೆ ಟೈಲರ್ ಸಂಬಳ ಬಂತು. ಗಂಗಕ್ಕ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ, ಹಾಲನ್ನು ಮರೆತು ನಲ್ಲಿಯನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ಅವಳೀಗ ಊರಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ನೆನೆದರೆ ನನಗೆ ಕಣ್ಣು ತುಂಬುತ್ತದೆ, ಮುಚ್ಚಿಡುವುದೇನು.

ಮೇಷ್ಟ್ರು ಇನ್ನೂ ಕನ್ನಡಿ ಮುಂದೆಯೇ ಇದ್ದರು. ಬಂದವರಿಗೆಲ್ಲ ಮಂಜುಳಳನ್ನು ನಮ್ಮ ಹೆಲ್ಪರ್ ಎಂದೇ ಹೇಳುತ್ತಾ ಬಂದವಳು ನಾನು. ಗುಂಡಿ ಹಾಕಲು ಬಂದವಳು ಯಾವಾಗ ಕಾಲರಿಗೆ ಬಂದಳೋ ನಾನು ಗಮನಿಸಿರಲಿಲ್ಲ. ಸಂಬಳ ಕೊಡುವ ಕೈಗೆ ಮರೆವು ಜಾಸ್ತಿ. ಗಂಗಕ್ಕ ನೋಡಿದ್ದರೆ ಕಿವಿ ಹಿಂಡುತ್ತಿದ್ದಳು.

"ಅವಳ್ನ ಕೇಳ್ಬೇಡಿ ಸಾರ್, ನನ್ನ ಕೇಳಿ," ಎಂದೆ. "ಇವಳೇ ಹೊಲಿದಿದ್ದು. ಇವಳು ಟೈಲರ್."

ಮೇಷ್ಟ್ರು ಹೋದ ಮೇಲೆ, ಈ ತಿಂಗಳಿಂದ ಸಂಬಳವೂ ಟೈಲರಿನದೇ ಎಂದು ಅವಳಿಗೆ ಹೇಳಿದೆ. ಹೇಳಿ, ದೊಡ್ಡ ಉಪಕಾರ ಮಾಡಿದವಳ ಹಾಗೆ ಮತ್ತೆ ಇಸ್ತ್ರಿ ಎತ್ತಿಕೊಂಡೆ. ಮಂಜುಳ ಸೂಜಿಗೆ ದಾರ ಪೋಣಿಸುತ್ತಾ ಮೆಲ್ಲಗೆ ಕೇಳಿದಳು.

"ಹೋದ ತಿಂಗಳೂ ಕಾಲರ್ ನಾನೇ ಅಲ್ವಾ ಅಕ್ಕ ಕೂರಿಸಿದ್ದು?"

"ಹೌದು ಕಣೆ," ಎಂದೆ. "ಅದನ್ನೂ ಕೊಡ್ತೀನಿ."