ಬೀಗರ ಮನೆಯ ಊಟದಂತೆ ಪರೀಕ್ಷಿಸಿ

ಗೆಳೆಯರೇ, ಇದನ್ನು ಮೊದಲು ಹೇಳಿದವಳು ಮುದ್ದೇಬಿಹಾಳದ ಸುಮಿತ್ರಕ್ಕ, ನಿನ್ನೆ ಸಂಜೆ ಮನಗೂಳಿಯ ಚಹಾದಂಗಡಿಯಲ್ಲಿ.

ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಆ್ಯಪೊಂದನ್ನು ನಾವು ಕೆಲವರು ಬಿಡುವಿನಲ್ಲಿ ಉಚಿತವಾಗಿ ಮಾಡುತ್ತೇವೆ. ಹೊಸ ಆವೃತ್ತಿ ಇಂದು ಬಿಡುಗಡೆಯಾಗಬೇಕಿತ್ತು. ಬಳಸಿ ನೋಡಿ ತಪ್ಪು ತಿಳಿಸಿ ಎಂದು ಸುಮಿತ್ರಕ್ಕ ಆ್ಯಪ್ ಬಳಸುವವರನ್ನೆಲ್ಲ ಕೇಳಿದ್ದಳು. ಇಂಡಿಯಿಂದ, ಸಿಂದಗಿಯಿಂದ ಒಂದೇ ಉತ್ತರ: "ಭಾಳ ಚಲೋ ಐತ್ರಿ." ಅನುಮಾನ ಬಂದು ಮಸೂತಿ ಊರಿನ ಕಲ್ಲಪ್ಪ ಮಾಸ್ತರರಿಗೆ ಫೋನ್ ಮಾಡಿದಳು. ದೃಷ್ಟಿ ಹೋದಾಗಿನಿಂದ ಅವರಿಗೆ ದಿನಪತ್ರಿಕೆ ಓದುವುದು ಈ ಆ್ಯಪೇ.

"ಚಲೋ ಐತವ್ವಾ. ನಡುವ ಯಾರರ ಫೋನ್ ಮಾಡಿದ್ರ ಮಾತ್ರ ಬಾಯಿ ಮುಚ್ಚತೈತಿ. ಮತ್ತ ಮೊದಲಿಂದ ಕೇಳ್ತೇನಿ."

"ಅಯ್ಯ, ಇದನ್ನ ಯಾಕ ಹೇಳಲಿಲ್ರಿ ಸರ?"

"ಪುಕ್ಕಟೆ ಮಾಡಿ ಕೊಟ್ಟೀರಿ. ಕರದು ಉಣ್ಣಿಸಿದವರಿಗೆ ಉಪ್ಪು ಕಮ್ಮಿ ಅನ್ನಾಕ ಬರತೈತೇನು?"

"ಹಂಗಾರ ಇದು ಬೀಗರ ಮನಿ ಊಟ ಅಂತ ತಿಳ್ಕೋರಿ. ನೀವು ಗಂಡಿನ ಕಡೆಯವರು."

ಮಾಸ್ತರರು ಜೋರಾಗಿ ನಕ್ಕರಂತೆ. ಆಮೇಲೆ ಚಹಾ ಆರುವ ತನಕ ತಪ್ಪು ಹೇಳಿದರಂತೆ.

ಇದನ್ನು ಕೇಳಿದ ನಾವು ಇವತ್ತು ಬೆಳಿಗ್ಗೆ ಬಿಡುಗಡೆ ನಿಲ್ಲಿಸಿ, ಬಳಸುವವರ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು ಹಾಕಿದೆವು. ಈಗ ಫೋನ್ ಕೆಳಗಿಡಲು ಆಗದಷ್ಟು ತಪ್ಪುಗಳು ಬರುತ್ತಿವೆ. ಸಿಂದಗಿಯವರೊಬ್ಬರಂತೂ, "ಓದೋ ಹೆಣ್ಮಗಳು ಉಪಾಸ ಅದಾಳೇನ್ರಿ? ದನೀನ ಇಲ್ಲ" ಎಂದಿದ್ದಾರೆ. ಕೊನೆಯದು ಮಾಸ್ತರರದು: "ಊಟ ಸುಮಾರೈತಿ. ಇನ್ನೊಂದು ಪಂಕ್ತಿ ಹಾಕ್ರಿ, ಬರ್ತೇವಿ."