ಲಾಭದ ಚೀಲ

ಹುಲಿಗಿ ಅಮ್ಮನ ಜಾತ್ರೆಗೆ ಹೋಗಿ ಬಂದವರು ಅದು ಕಂಡಿತು, ಇದು ಕೇಳಿಸಿತು ಎಂದು ಶುರುಮಾಡಿದರೆ ನಾನು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಎದ್ದುಬಿಡುವವನು. ಹಸಿದ ಹೊಟ್ಟೆ, ಬಿಸಿಲು, ನಿದ್ದೆಗೇಡು, ಎಲ್ಲ ದೆವ್ವಗಳೂ ಇಷ್ಟರೊಳಗೇ ಇರುತ್ತವೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನನಗೇ ಅದು ಇನ್ನೂ ಹೊಂದಿಕೆಯಾಗಿಲ್ಲ.

ದೊಡ್ಡ ಯುದ್ಧ ಮುಗಿದ ಹೊಸತು. ಕೊಪ್ಪಳದ ಆಚೆ, ಯುದ್ಧಕಾಲದಲ್ಲಿ ಮಟ್ಟಸ ಮಾಡಿ ಬಿಟ್ಟಿದ್ದ ಬಯಲಿನಲ್ಲಿ ಒಂದು ಕಂಪನಿಯವರು ತಗಡಿನ ಶೆಡ್ಡು ಹಾಕಿದ್ದರು. ಬಿಡಿಬಿಡಿಯಾಗಿ ರೈಲಿನಲ್ಲಿ ಬಂದ ವಿಮಾನಗಳನ್ನು ಅಲ್ಲಿ ಜೋಡಿಸಿ, ಕುರ್ಚಿ ಕೂಡಿಸಿ, ಜನ ಕೂತು ಪ್ರಯಾಣ ಮಾಡುವಂತೆ ಸಜ್ಜು ಮಾಡುತ್ತಿದ್ದರು. ನಾನು ಅದಕ್ಕೆ ಮೊದಲು ಹತ್ತಿ ಬಿಡಿಸುವ ಜಿನ್ನಿನಲ್ಲಿ ಚೀಲ ಹೊಲಿಯುತ್ತಿದ್ದವನು. ಇಲ್ಲಿಯೂ ನನಗೆ ಚೀಲದ ಕೆಲಸವೇ ಸಿಕ್ಕಿತು. ಹೊಸ ವಿಮಾನ ಮೊದಲ ಸಲ ಹಾರುವಾಗ ಪ್ರಯಾಣಿಕರನ್ನು ಹತ್ತಿಸುವುದಿಲ್ಲ. ಅವರ ಬದಲು ಒಂದೊಂದು ಕುರ್ಚಿಗೆ ಒಬ್ಬ ಆಳಿನ ತೂಕದ ಮರಳಿನ ಚೀಲ ಕೂಡಿಸಿ ಪಟ್ಟಿ ಬಿಗಿಯುತ್ತಾರೆ. ಹೊಳೆಯ ಮರಳು ತರಿಸಿ, ಹಸಿ ಇದ್ದರೆ ತೂಕ ತಪ್ಪುತ್ತದೆಂದು ಬಿಸಿಲಿಗೆ ಹರವಿ, ತುಂಬಿ, ತೂಗಿ, ಬಾಯಿ ಹೊಲಿಯುವುದು ನನ್ನ ಪಾಲಿನದು.

ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಹಮಾಲರು ಮರಳಿನ ಚೀಲಗಳನ್ನೂ ಹಾಗೆಯೇ ಎಣಿಸಿ ಹತ್ತಿಸುತ್ತಿದ್ದರು. ಆ ಲಾಭದ ಚೀಲವನ್ನು ನನ್ನ ಹೆಂಡತಿ ಕೆಂಪು ದಾರದಿಂದ ಹೊಲಿದು, ಕುಂಕುಮ ಹಚ್ಚಿ ಕೊಡುತ್ತಿದ್ದಳು. ಅದರ ಜಾಗ ಬಾಲದ ಕಡೆ, ಬಾಗಿಲ ಬಳಿಯ ಕೊನೆಯ ಕುರ್ಚಿ. ಪಕ್ಕದ ಕುರ್ಚಿ ಬಸ್ಯಾನದು.

ಬಸ್ಯಾ ನನ್ನ ಹೆಂಡತಿಯ ತಮ್ಮ, ಕುಷ್ಟಗಿಯವನು. ತಾಯಿಯಿಲ್ಲದ ಅವನನ್ನು ಇವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಫಿಟ್ಟರ್ ಆಗಿದ್ದ ಅವನು ಬಾಲದ ಕಡೆಯ ತಂತಿಗಳ ಮೇಲೆ ಕಣ್ಣಿಡಲು ಪ್ರತಿ ಮೊದಲ ಹಾರಾಟಕ್ಕೂ ಪೈಲಟ್ ಸಾಹೇಬರ ಜೊತೆ ಹೋಗಬೇಕಿತ್ತು. ಅವನು ಇಳಿಯುವವರೆಗೆ ಇವಳು ರೊಟ್ಟಿ ಮುಟ್ಟುತ್ತಿರಲಿಲ್ಲ. "ಚೀಲ ನೀವ ತೂಗ್ರಿ, ಮತ್ತೊಬ್ಬರ ಕೈಯಾಗ ಕೊಡಬ್ಯಾಡ್ರಿ" ಎಂದು ನನಗೆ ತಾಕೀತು. ಬಾಲದ ಕಡೆ ಒಂದು ಚೀಲ ಕಡಿಮೆಯಾದರೂ ವಿಮಾನ ಮುಗ್ಗರಿಸುತ್ತದೆ ಎಂದು ಬಸ್ಯಾ ಚೇಷ್ಟೆಗೆ ಅವಳನ್ನು ಹೆದರಿಸಿದ್ದ. ಪೈಲಟ್ ಸಾಹೇಬರೂ ಅದನ್ನೇ ಹೇಳಿದ್ದರು, ನಗದೆ.

ಆ ದಿನ ಮಧ್ಯಾಹ್ನ ಚೀಲಗಳನ್ನೆಲ್ಲ ಹತ್ತಿಸಿ ನಾನು ನೀರು ಕುಡಿಯಲು ಹೋದೆ. ಬಸ್ಯಾ ಒಳಗೆ ಬಾಲದ ಪೊಟರೆಯಲ್ಲಿ ತಲೆಯಿಟ್ಟು ತಂತಿ ನೋಡುತ್ತಿದ್ದ. ನಾನು ಬರುವಷ್ಟರಲ್ಲಿ ಏಣಿ ತೆಗೆದಿದ್ದರು, ಪಂಖಗಳು ತಿರುಗುತ್ತಿದ್ದವು. ವಿಮಾನ ಅಂಜನಾದ್ರಿ ಬೆಟ್ಟದ ದಿಕ್ಕಿಗೆ ಸಣ್ಣದಾಗಿ, ಧೂಳು ಕೆಳಗಿಳಿದ ಮೇಲೆ ನೋಡುತ್ತೇನೆ, ತೆಗೆದಿಟ್ಟ ಏಣಿಯ ಬುಡದಲ್ಲಿ ಲಾಭದ ಚೀಲ ಕೂತಿದೆ. ಕೆಂಪು ದಾರ, ಕುಂಕುಮ, ಎಲ್ಲ ಅದೇ.

ಇಳಿಸಿದವನು ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ ಮಿಸ್ತ್ರಿ. ಅವನದೇನೂ ಕೆಟ್ಟ ಮನಸ್ಸಲ್ಲ. "ಎಣಿಕಿ ಎರಡರಿಂದ ಸುರು ಆತಲ್ರಿ. ಕುಂಕುಮ ಬ್ಯಾರೆ ಹಚ್ಚ್ಯಾರ. ಪೂಜಾದ್ದಿರಬೇಕು, ಲೆಕ್ಕದಾಗಿಲ್ಲ ಅಂತ ಇಳಿಸಿದೆ" ಎಂದ.

ಆ ಚೀಲದ ಮೇಲೆಯೇ ಕುಸಿದು ಕೂತೆ. ಮೇಲಿದ್ದವರಿಗೆ ತಿಳಿಸುವ ದಾರಿಯಿರಲಿಲ್ಲ. ರುಮಾಲು ಬೀಸಿದರೆ ಯಾರಿಗೆ ಕಾಣಬೇಕು? ಮನೆಯಲ್ಲಿ ಅವಳು ಬಾಗಿಲಿಗೆ ಬಂದು ನಿಂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ. ವಿಮಾನ ಸುತ್ತು ಹಾಕಿ ಬರುವವರೆಗೂ ನಾನು ಏಳಲಿಲ್ಲ. ಕಾದ ಮರಳು ಧೋತರದೊಳಗಿಂದ ಸುಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ವಿಮಾನ ಎಂದಿನಂತೆಯೇ ಇಳಿಯಿತು. ಏಣಿ ಹಚ್ಚಿದೊಡನೆ ಬಸ್ಯಾ ಹೆಗಲು ತಿಕ್ಕಿಕೊಳ್ಳುತ್ತ ಬಾಗಿಲಿಗೆ ಬಂದ.

"ಮಾಮಾ, ನಿಮ್ಮ ಲಾಭಪ್ಪ ಭಾಳ ಕಾಡಿದ ನೋಡ್ರಿ. ತಿರುಗುವಾಗ ಪಟ್ಟಿ ಸಡ್ಲಾಗಿ ನನ್ನ ಮ್ಯಾಲ ಒರಗಿಬಿಟ್ಟ. ಇಳಿಯೋತನಕ ತಬ್ಬಿಕೊಂಡ ಕುಂತೆ."

ನಾನು ಎದ್ದು ನಿಂತೆ. ನನ್ನ ಕೆಳಗಿದ್ದದ್ದು ಅವನಿಗೆ ಕಂಡಿತು. ನಗು ಅಲ್ಲಿಗೇ ನಿಂತಿತು.

"ಇದನ್ನ ಯಾವಾಗ ಇಳಿಸಿದ್ರಿ?" ಎಂದ.

ನಾನು ಏಣಿ ಹತ್ತಿ ಒಳಗೆ ಹೋಗಿ ನೋಡಿದೆ. ಕೊನೆಯ ಕುರ್ಚಿ ಖಾಲಿ. ಪಟ್ಟಿ ಬಿಚ್ಚಿ ಬಿದ್ದಿತ್ತು. ಕುರ್ಚಿಯಲ್ಲಿ ಒಂದಿಷ್ಟು ಮರಳಿತ್ತು, ಅದು ಹತ್ತಿಸುವಾಗಲೇ ಉದುರಿರಬಹುದು. ಬಸ್ಯಾನ ಅಂಗಿಯ ಹೆಗಲಿಗೆ ಕುಂಕುಮ ಮೆತ್ತಿತ್ತು. ಹತ್ತಿಸುವಾಗ ಅವನೂ ಕೈ ಹಚ್ಚಿದ್ದ, ಆಗ ತಗಲಿರಬಹುದು. ಬೇರೆ ಚೀಲವನ್ನೇನಾದರೂ ಹಿಡಿದಿದ್ದೆಯಾ ಎಂದು ಕೇಳಿದೆ. ಉಳಿದವೆಲ್ಲ ಬಿಗಿದಂತೆಯೇ ಇದ್ದವು. ಬಾಲದ ಕಡೆಯಿಂದ ಬಂದು ತಾನು ಕೂರುವಾಗ ಚೀಲ ಅದರ ಜಾಗದಲ್ಲೇ ಇತ್ತು ಎಂದು ಅವನು ಮತ್ತೆ ಮತ್ತೆ ಹೇಳಿದ. ಮಿಸ್ತ್ರಿ ತಾನೇ ಮುಂದೆ ಬಂದು ಸಾಹೇಬರಿಗೆ ನಡೆದದ್ದನ್ನು ಒಪ್ಪಿಸಿದ. ಬಾಲ ಹಗುರವೇನೂ ಅನ್ನಿಸಲಿಲ್ಲವಲ್ಲ ಎಂದು ಅವರು ಚೀಲವನ್ನು ಒಮ್ಮೆ ಎತ್ತಿ ನೋಡಿ, ನಾಳೆ ಇನ್ನೊಮ್ಮೆ ಹಾರಿಸೋಣ ಎಂದು ಹೊರಟುಹೋದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ತಮ್ಮನಿಗೆ ಇನ್ನೊಂದು ರೊಟ್ಟಿ ಬಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅವ ಮ್ಯಾಲ ಹಿಡಕೊಂಡಿದ್ದು ಖರೆ. ನೀವು ಕೆಳಗ ಅದರ ಮ್ಯಾಲ ಕುಂತಿದ್ದು ನಿಮಗ ಖಾತ್ರಿ ಐತೇನ್ರಿ?" ಎಂದಳು. ನನಗೆ ಸಿಟ್ಟು ಬಂತು. ಮಿಸ್ತ್ರಿಯನ್ನೇ ಕೇಳು ಎಂದೆ.

ಮರುದಿನ ಅದೇ ಚೀಲವನ್ನು ಅದೇ ಕುರ್ಚಿಗೆ ನಾನೇ ಬಿಗಿದೆ, ಏಣಿ ತೆಗೆಯುವವರೆಗೆ ಅಲ್ಲಿಂದ ಕದಲಲಿಲ್ಲ. ಹಾರಾಟ ಮುಗಿಸಿ ಇಳಿದ ಬಸ್ಯಾ ನನ್ನ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. "ಇವತ್ತಿಂದು ಬರೇ ಮರಳು, ಮಾಮಾ" ಎಂದ.

ಶೆಡ್ಡು ಮುಚ್ಚಿತು. ಮಿಸ್ತ್ರಿ ತನ್ನ ಊರಿಗೆ ಹೋದ, ಈಗ ಕೇಳೋಣವೆಂದರೆ ಅವನಿಲ್ಲ. ಹೆಂಡತಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಮೊದಮೊದಲು ಗಟ್ಟಿಯಾಗಿ ಹೌದು ಎನ್ನುತ್ತಿದ್ದೆ. ಈಗ ಹೌದು ಎನ್ನುವ ಮೊದಲು ಆ ಮರಳಿನ ಕಾವನ್ನು ಒಮ್ಮೆ ನೆನಪು ಮಾಡಿಕೊಳ್ಳುತ್ತೇನೆ. ನನ್ನ ಬಳಿ ಉಳಿದಿರುವ ಸಾಕ್ಷಿ ಅದೊಂದೇ.